‘ಪಾರದರ್ಶಕ ಆಡಳಿತ’ ಅಂತ ಟೈಪ್ ಮಾಡುವ ಮೊದಲು

ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಬಾಡಿಗೆ ಕರಾರು, ಮಾಹಿತಿ ಹಕ್ಕಿನ ಅರ್ಜಿ ಎಲ್ಲಾ ಬರುತ್ತವೆ. ಚುನಾವಣೆ ಬಂತೆಂದರೆ ಮಾತ್ರ ಊಟಕ್ಕೂ ಪುರುಸೊತ್ತಿರುವುದಿಲ್ಲ. ನಮ್ಮ ಮಹಾನಗರ ಪಾಲಿಕೆಗೆ 35 ವಾರ್ಡು. 2022ರ ಅಕ್ಟೋಬರ್ 28ಕ್ಕೆ ಮತದಾನ ಇತ್ತು. ನಿಂತವರಿಗೆಲ್ಲಾ ಕರಪತ್ರ ಬೇಕು, ಅದೂ ನಾಳೆ ಬೆಳಿಗ್ಗೆಯೇ ಬೇಕು.

ಈ ಕರಪತ್ರಗಳಲ್ಲಿ ಫೋಟೋ, ಹೆಸರು, ಚಿಹ್ನೆ ಬೇರೆ ಬೇರೆ. ಉಳಿದದ್ದೆಲ್ಲಾ ಒಂದೇ. ‘ಪಾರದರ್ಶಕ ಆಡಳಿತ, ಸರ್ವಾಂಗೀಣ ಅಭಿವೃದ್ಧಿ, ಸುಸಜ್ಜಿತ ಮಾರುಕಟ್ಟೆ.’ ಈ ಸಾಲುಗಳದ್ದೇ ಒಂದು ಫೈಲ್ ನನ್ನ ಕಂಪ್ಯೂಟರಿನಲ್ಲಿದೆ. ಕಾಪಿ, ಪೇಸ್ಟ್, ಮುಗೀತು. ಪಕ್ಷ ಯಾವುದಾದರೂ ನಡೆಯುತ್ತದೆ.

ಆ ಸಲ ಒಬ್ಬ ಪಕ್ಷೇತರ ಅಭ್ಯರ್ಥಿ ಬಂದರು. ಮಾರ್ಕೆಟ್ಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ವಯಸ್ಸಾದವರು. ಪ್ರೂಫ್ ಕೈಗೆ ಕೊಟ್ಟ ಕೂಡಲೇ ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಹೊಡೆದರು.

“ತಂಗಿ, ಇದನ್ನ ತಗದ್ಬಿಡು. ನನ್ನ ಎದುರಿಗೆ ನಿಂತಾವ್ರೂ ಇದನ್ನೇ ಹಾಕ್ಯಾರ.”

“ಮತ್ತೇನ್ ಹಾಕ್ಲಿ ಕಾಕಾರ?”

“ಪಾಲಿಕಿ ಒಳಗ ಏನ್ ನಡೀತೈತಿ ಅನ್ನೂದು ಮಂದಿಗೆ ಗೊತ್ತಾಗಬೇಕು, ಹಂಗಂತ ಹಾಕು.”

“ಅದೂ ಇದೂ ಒಂದೇ ಆತಲ್ರೀ.”

ಅವರು ನಕ್ಕರು, ಆದರೆ ಎದ್ದು ಹೋಗಲಿಲ್ಲ. ಆಗ ನನಗೆ ನೆನಪಾದದ್ದು ಮಾಹಿತಿ ಹಕ್ಕಿನ ಅರ್ಜಿಗಳು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಬರೆಸಲು ಬರುವವರಲ್ಲಿ ಎರಡು ಥರ. ‘ನಮ್ಮ ಓಣಿಯ ರಸ್ತೆಯ ಸಂಪೂರ್ಣ ಮಾಹಿತಿ ಕೊಡಿ’ ಅನ್ನುವವರು ಜಾಸ್ತಿ. ಪಳಗಿದವರು ಹಾಗೆ ಕೇಳುವುದಿಲ್ಲ. ಕಾಮಗಾರಿಯ ಹೆಸರು, ವರ್ಷ, ವರ್ಕ್ ಆರ್ಡರ್ ಪ್ರತಿ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು ಅಂತ ಒಂದೊಂದೇ ಹೇಳಿ ಬರೆಸುತ್ತಾರೆ. ಈ ಅಳತೆ ಪುಸ್ತಕವೇ ಮುಖ್ಯ. ರಸ್ತೆಯ ಉದ್ದ, ಅಗಲ, ದಪ್ಪ ಎಷ್ಟು ಅಂತ ಇಂಜಿನಿಯರ್ ಬರೆಯುವುದು ಅದರಲ್ಲೇ, ಗುತ್ತಿಗೆದಾರರ ಬಿಲ್ ಆಗುವುದೂ ಅದರ ಮೇಲೆಯೇ. ಅದರ ಪ್ರತಿ ಕೈಯಲ್ಲಿದ್ದರೆ ಯಾರು ಬೇಕಾದರೂ ಟೇಪ್ ಹಿಡಿದು ತಮ್ಮ ಓಣಿ ಅಳೆಯಬಹುದು.

ಹಾಗಾಗಿ ಕಾಕಾರನ್ನೂ ಅದೇ ಕೇಳಿದೆ: ಯಾವ ಕಾಗದ ತೋರಿಸ್ತೀರಿ, ಎಲ್ಲಿ, ಯಾವಾಗ?

ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಮಾತು ಶುರುವಾಯಿತು. ಒಬ್ಬ ಸದಸ್ಯ ಇಡೀ ಪಾಲಿಕೆ ಬದಲಾಯಿಸುತ್ತೇನೆ ಅಂದರೆ ಯಾರೂ ನಂಬಲ್ಲ, ಅದು ಅವರಿಗೂ ಗೊತ್ತಿತ್ತು. ಆದರೆ ಸದಸ್ಯರ ಕೈಗೆ ಸಾಮಾನ್ಯ ಸಭೆಯ ಅಜೆಂಡಾ ಬರುತ್ತದೆ, ನಡಾವಳಿ ಬರುತ್ತದೆ. ಅದನ್ನು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಲು ಯಾರನ್ನು ಕೇಳಬೇಕು? ಕಡೆಗೆ ಹೀಗೆ ಬರೆದೆವು: ಸಭೆಗೆ ಮುಂಚೆ ಅಜೆಂಡಾ, ಸಭೆಯ ನಂತರ ಠರಾವು, ವಾರ್ಡಿನ ಪ್ರತಿ ಕಾಮಗಾರಿಯ ವರ್ಕ್ ಆರ್ಡರ್ ಮತ್ತು ಅಳತೆ ಪುಸ್ತಕದ ಪ್ರತಿ ನನ್ನ ಹಾರ್ಡ್‌ವೇರ್ ಅಂಗಡಿಯ ಬೋರ್ಡಿನ ಮೇಲೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4ರಲ್ಲಿ 17 ಬಗೆಯ ಮಾಹಿತಿಯನ್ನು ಯಾರೂ ಕೇಳದಿದ್ದರೂ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು ಅಂತಿದೆ. ಅದನ್ನೂ ಸೇರಿಸೋಣ ಅಂದೆ. “ಸೆಕ್ಷನ್ ನಂಬರ್ ಯಾರ್ ಓದ್ತಾರ” ಅಂದು ಬಿಟ್ಟರು. ಅದು ಸರಿಯೇ ಇತ್ತು.

ಮಾರುಕಟ್ಟೆಯ ವಿಷಯ ಇಷ್ಟು ಸಲೀಸಾಗಲಿಲ್ಲ. ಅವರ ಆಸೆ ದೊಡ್ಡದು: ಪೇಟೆಯ ನಡುವೆ ಬಹುಮಹಡಿ ಪಾರ್ಕಿಂಗ್. ನಮ್ಮ ಊರಿನಲ್ಲಿ ಇದು ಬಾಯಿಮಾತಿನಷ್ಟು ಸುಲಭ ಅಲ್ಲ. ಗಗನ ಮಹಲ್, ಬಾರಾ ಕಮಾನ್, ಅಸಾರ್ ಮಹಲ್ ಎಲ್ಲಾ ಊರ ನಡುವೆಯೇ ಇವೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಮನೆ ರಿಪೇರಿಯ ಅರ್ಜಿಗಳನ್ನು ಟೈಪ್ ಮಾಡಿ ಮಾಡಿ ಇದು ನನಗೆ ಬಾಯಿಪಾಠ. ಜಾಗ ಯಾವುದು ಹೇಳ್ರೀ, ಹಾಕ್ತೀನಿ ಅಂದೆ. ಜಾಗ ಹೇಳಲು ಆಗಲಿಲ್ಲ, ಪಾರ್ಕಿಂಗ್ ಹೋಯಿತು. ಅದರ ಬದಲು ಬಂದದ್ದು ಹೆಣ್ಣುಮಕ್ಕಳಿಗೆ ಮಾರ್ಕೆಟ್ಟಿನಲ್ಲಿ ನೀರಿರುವ ಶೌಚಾಲಯ. ನನ್ನ ಕೇಳಿದರೆ ಇಡೀ ಕರಪತ್ರದಲ್ಲಿ ಇದೇ ತೂಕದ ಮಾತು. ಸಂತೆಗೆ ಬಂದ ಹೆಂಗಸರು ದಿನವಿಡೀ ನೀರು ಕುಡಿಯದೆ ಇರುವುದು ಯಾಕೆ ಅಂತ ಗಂಡಸರು ಬರೆದ ಯಾವ ಕರಪತ್ರದಲ್ಲೂ ಇರಲ್ಲ.

ತಳ್ಳುಗಾಡಿಯವರ ವಿಷಯದಲ್ಲಿ ಮಾತ್ರ ನಮಗೆ ಕೂಡಿಬರಲಿಲ್ಲ. ಅಂಗಡಿಯವರಲ್ವಾ, ಬಾಗಿಲ ಮುಂದಿನ ಗಾಡಿ ಕಂಡರೆ ಸಿಟ್ಟು. ‘ಬೀದಿ ವ್ಯಾಪಾರಿಗಳ ತೆರವು’ ಅಂತ ಹಾಕು ಅಂದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು ಅಂತಿದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಜನ ಬೀದಿ ವ್ಯಾಪಾರಿಗಳೇ ಇರಬೇಕು ಅಂತಲೂ ಇದೆ. ಹೇಳಿದೆ. “ಅವ್ರ ಓಟೂ ಅದಾವು ಬಿಡು” ಅಂದು ಆ ಸಾಲನ್ನೇ ತೆಗೆಸಿದರು. ಅಭಿಪ್ರಾಯ ಬದಲಾಗಿರಲಿಲ್ಲ, ನನಗೆ ಗೊತ್ತು.

ಕೆಳಗೆ ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಪ್ರತಿಗಳ ಸಂಖ್ಯೆ ಹಾಕಿ ಅಚ್ಚಿಗೆ ಕಳಿಸಿದೆ. ಅವರು ಗೆಲ್ಲಲಿಲ್ಲ.

ಅದಾಗಿ ಎಷ್ಟೋ ತಿಂಗಳಿಗೆ ಅದೇ ವಾರ್ಡಿನ ಇಬ್ಬರು ಹುಡುಗರು ಅಂಗಡಿಗೆ ಬಂದರು. ಕೈಯಲ್ಲಿ ಮಡಚಿದ ಆ ಕರಪತ್ರ. ತಮ್ಮ ಓಣಿಯ ಚರಂಡಿ ಕಾಮಗಾರಿ ಬಗ್ಗೆ ಅರ್ಜಿ ಬೇಕಿತ್ತು. “ಅಕ್ಕಾ, ಏನೇನು ಕೇಳಬೇಕು ಅಂತ ಇದರಾಗ ಐತಿ” ಅಂದರು. ಹೌದು, ಇತ್ತು. ಕಾಮಗಾರಿಯ ಹೆಸರು, ವರ್ಷ ಸೇರಿಸಿ ಮಾಹಿತಿ ಹಕ್ಕಿನ ಅರ್ಜಿಯ ನಮೂನೆ ಎ ತುಂಬಿ ಕೊಟ್ಟೆ. ಶುಲ್ಕಕ್ಕೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಬೇಕು ಅಂದಾಗ ಒಬ್ಬ ಅಂಚೆ ಕಚೇರಿ ಕಡೆ ಗಾಡಿ ತಿರುಗಿಸಿದ, ಇನ್ನೊಬ್ಬ ಟೈಪಿಂಗ್ ಚಾರ್ಜಿಗೆ ಚೌಕಾಸಿ ಶುರು ಮಾಡಿದ.