ಹಾಡೋದು ಯಾವಾಗ?

2024ರ ನವೆಂಬರ್ 1. ರಾಜ್ಯೋತ್ಸವವೂ ಅಂದೇ, ದೀಪಾವಳಿ ಅಮಾವಾಸ್ಯೆಯೂ ಅಂದೇ. ಹಬ್ಬಕ್ಕೆ ಅಂತ ಧಾರವಾಡದ ಮನೆಗೆ ಹೋಗಿದ್ದೆ. ಬೆಳಿಗ್ಗೆ ಓಣಿಯ ತುದಿಯಲ್ಲಿ ಬಾವುಟ, ಸಂಜೆ ಲಕ್ಷ್ಮೀಪೂಜೆ, ಆಮೇಲೆ ಪಟಾಕಿ. ನನಗೆ ಮಾತ್ರ ಇನ್ನೊಂದು ಹಬ್ಬವೂ ಇತ್ತು. ಇಂಗ್ಲೆಂಡಿನ ರಾಕ್ ತಂಡ 'ದಿ ಕ್ಯೂರ್'ನ ಹೊಸ ಆಲ್ಬಂ ಅವತ್ತೇ ಬಂದಿತ್ತು. ಹೆಸರು 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್'. ಬಂದದ್ದು 16 ವರ್ಷದ ಮೇಲೆ.

ಇದರ ಹಿಂದಿನದು ಬಂದಾಗ, 2008ರಲ್ಲಿ, ನಾನು ಬೆಂಗಳೂರಿನ ಪಿಜಿಯಲ್ಲಿದ್ದೆ. ರೂಮ್‌ಮೇಟ್ ಒಬ್ಬ ಪೆನ್‌ಡ್ರೈವ್‌ನಲ್ಲಿ ಇವರ ಹಳೆಯ ಹಾಡುಗಳನ್ನೆಲ್ಲ ಹಾಕಿಕೊಟ್ಟಿದ್ದ. ಹುಚ್ಚು ಹಿಡಿದದ್ದು ಆಗಲೇ. ಆ ವರ್ಷದ ಹೊಸ ಆಲ್ಬಂ ಮಾತ್ರ ಅಷ್ಟಕ್ಕಷ್ಟೇ ಅನಿಸಿತು. ಇರಲಿ, ಮುಂದಿನದು ಚೆನ್ನಾಗಿರುತ್ತೆ ಅಂದುಕೊಂಡೆ. ಮುಂದಿನದು ಬರುವಷ್ಟರಲ್ಲಿ ನಾನು ಪಿಜಿ ಬಿಟ್ಟೆ, ಮೂರು ಕೆಲಸ ಬಿಟ್ಟೆ, ತಲೆಗೂದಲು ನನ್ನನ್ನು ಬಿಟ್ಟಿತು. ಹಾಡುಗಾರ ರಾಬರ್ಟ್ ಸ್ಮಿತ್‌ಗೆ ಮಾತ್ರ ಇನ್ನೂ ಅದೇ ಹಕ್ಕಿಗೂಡಿನಂಥ ತಲೆ!

ಇವರದು ಪೋಸ್ಟ್-ಪಂಕ್. ಅಂದರೆ, 70ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಒರಟು ರಾಕ್‌ನ ಗದ್ದಲ ಇಳಿಯುತ್ತಿದ್ದಾಗ ಹುಟ್ಟಿದ ಸಂಗೀತ. ಕೂಗಾಟ ಕಡಿಮೆ, ಒಳಗಿನ ತಳಮಳ ಜಾಸ್ತಿ. ಹಿಂದೆ ಸುಮ್ನೆ ನಿಲ್ಲುತ್ತಿದ್ದ ಬೇಸ್ ಗಿಟಾರ್ ಇಲ್ಲಿ ಮುಂದೆ ಬಂತು. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಲಿ ಊರಿನ ಈ ಹುಡುಗರ ಮೊದಲ ಆಲ್ಬಂ 1979ರದ್ದು. ಈಗ ಹುಡುಗರಲ್ಲ ಬಿಡಿ. ಅದಕ್ಕೇ ನನಗೆ ಭಯವಿತ್ತು. ಹಳೆಯ ತಂಡಗಳು ಹೊಸ ಆಲ್ಬಂ ಮಾಡುವಾಗ ಕೂದಲಿಗೆ ಬಣ್ಣ ಹಚ್ಚಿಕೊಂಡು ಮೊಮ್ಮಕ್ಕಳ ಜೊತೆ ಕುಣಿಯಲು ಹೋಗುತ್ತವೆ.

ಪೂರ್ವ ಲಂಡನ್ನಿನ ಟ್ರಾಕ್ಸಿ ಎಂಬ ಹಳೆಯ ಚಿತ್ರಮಂದಿರದಲ್ಲಿ ಅಂದೇ ರಾತ್ರಿ ಕಾರ್ಯಕ್ರಮ. ಯೂಟ್ಯೂಬ್‌ನಲ್ಲಿ ಪುಕ್ಕಟೆ ನೇರಪ್ರಸಾರ. ಅಲ್ಲಿ ರಾತ್ರಿ ಎಂಟು, ನಮ್ಮಲ್ಲಿ ಒಂದೂವರೆ. ಎಲ್ಲರೂ ಮಲಗಿದ ಮೇಲೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ.

ಹೊಸ ಎಂಟೂ ಹಾಡುಗಳನ್ನು ಸಾಲಾಗಿ ನುಡಿಸಿದರು. ಮೊದಲನೆಯದರಲ್ಲಿ ಮೂರು ನಿಮಿಷ ದಾಟಿದರೂ ದನಿಯಿಲ್ಲ, ಬರೀ ವಾದ್ಯ. ನಿಧಾನ, ಭಾರ. ಬಣ್ಣಗಿಣ್ಣ ಹಚ್ಚಿಲ್ಲ ಅಂತ ಆಗಲೇ ಗೊತ್ತಾಯಿತು. ಐದನೆಯದು ನನಗೆ ಅಷ್ಟು ಹಿಡಿಸಲಿಲ್ಲ, ಗಲಾಟೆ ಜಾಸ್ತಿ. ಆರನೆಯದು ಸ್ಮಿತ್ ತನ್ನ ಸತ್ತ ಅಣ್ಣನಿಗಾಗಿ ಬರೆದದ್ದು. ಅದಕ್ಕಾಗಿಯೇ ಕಾದಿದ್ದೆ. ಪಿಯಾನೋ ಶುರುವಾಯಿತು, ನೆಟ್ ಕೈಕೊಟ್ಟಿತು. ಪರದೆಯ ಮೇಲೆ ಬಿಳಿ ಚಕ್ರ ಗರಗರ. ಫೋನಿನ ಹಾಟ್‌ಸ್ಪಾಟ್ ಹಾಕಿ ಮತ್ತೆ ಹಿಡಿಯುವಷ್ಟರಲ್ಲಿ ಎಂಟನೆಯದಕ್ಕೆ ಬಂದಿದ್ದರು.

ಅಷ್ಟರಲ್ಲಿ ಅಪ್ಪ ನೀರು ಕುಡಿಯಲು ಎದ್ದು ಬಂದ.

"ಇಷ್ಟೊತ್ತನ್ಯಾಗ ಏನ್ ಮಾಡಾಕತ್ತಿ?"

ಒಂದು ಇಯರ್‌ಫೋನ್ ತೆಗೆದು ಕೊಟ್ಟೆ. ತಂತಿ ಗಿಡ್ಡ. ಅಪ್ಪ ಚೊಂಬು ಹಿಡಿದುಕೊಂಡೇ ನನ್ನ ಭುಜಕ್ಕೆ ಭುಜ ತಾಗಿಸಿ ಕೂತ. ಆ ಹಾಡು ಹತ್ತು ನಿಮಿಷಕ್ಕೂ ಉದ್ದ. ಮೊದಲ ಆರು ನಿಮಿಷ ಬರೀ ಡ್ರಮ್, ಗಿಟಾರ್.

"ಹಾಡೋದು ಯಾವಾಗ?"

"ತಡೀರಿ ಅಪ್ಪಾ."

"ಇಂವಗ ವಯಸ್ಸೆಷ್ಟು?"

"ಅರವತ್ತೈದು."

"ನನಗಿಂತ ಮೂರು ವರ್ಷ ಸಣ್ಣಾಂವ. ತುಟಿಗೆ ಕುಂಕುಮ ಹಚ್ಚ್ಯಾನೇನು?"

ನಗು ತಡೆಯಲಾಗಲಿಲ್ಲ. ಲಿಪ್‌ಸ್ಟಿಕ್ ಅಂತ ಹೇಳುವ ಹೊತ್ತಿಗೆ ಸ್ಮಿತ್ ಮೈಕಿನ ಹತ್ತಿರ ಬಂದ. ಚಂದ್ರನನ್ನು ನೋಡುತ್ತಾ ನಿಂತು, ಹುಡುಗನಾಗಿದ್ದ ನಾನು ಹೇಗೆ ಮುದುಕನಾದೆ ಅಂತ ಕೇಳುವ ಹಾಡು ಅದು. ಅಪ್ಪನಿಗೆ ಒಂದು ಮಾತೂ ತಿಳಿದಿರಲಿಕ್ಕಿಲ್ಲ. ಚಿಕ್ಕಂದಿನಿಂದ ಮನ್ಸೂರರ ಗಾಯನ ಕೇಳಿದ ಮನುಷ್ಯ. ಕಣ್ಣು ಮುಚ್ಚಿ ಕೂತಿದ್ದ, ಎಡಗೈ ಬೆರಳು ಚೊಂಬಿನ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ, "ಅವಸರ ಇಲ್ಲ ನೋಡು ಇಂವಗ" ಅಂದು ಎದ್ದು ಹೋದ.

ಆಮೇಲೆ ಹಳೆಯ ಹಾಡುಗಳು. ಒಟ್ಟು 31 ಹಾಡು, ಹತ್ತಿರ ಹತ್ತಿರ ಮೂರು ಗಂಟೆ. ಮುಗಿದಾಗ ಪಾಡ್ಯದ ನಸುಕು. ಅವ್ವ ಹಿತ್ತಲಲ್ಲಿ ಸಗಣಿಯ ಪಾಂಡವರನ್ನು ಮಾಡಲು ಕೂತಿದ್ದಳು. ನನ್ನ ಕೆಂಪು ಕಣ್ಣು ನೋಡಿ, "ನಿದ್ದಿ ಮಾಡಿಲ್ಲೇನು?" ಅಂತ ಕೇಳಿದಳು.

ಒಳಗಿನಿಂದ ಅಪ್ಪನೇ ಉತ್ತರ ಕೊಟ್ಟ. "ರಾತ್ರಿಯೆಲ್ಲಾ ಒಬ್ಬ ಮುದುಕನ ಹಾಡು ಕೇಳಿದ್ವಿ."

"ಯಾವ ಮುದುಕ?"

"ಅದೇ, ತುಟಿಗೆ ಕುಂಕುಮ ಹಚ್ಚಿದಾಂವ."