ಸೇವಂತಿಗೆಯ ಸೀಸೆಗಳು: ಎಂಟನೆಯ ವಾರ

ಕೋತ್ರೂಡ್‌ನ ನಮ್ಮ ಮನೆಯಲ್ಲಿ ಜೂನ್ ಕೊನೆಗೆ ಸೇವಂತಿಗೆಯ ತುಣುಕುಗಳನ್ನಿಟ್ಟು ಕಟ್ಟಿಟ್ಟ ಹನ್ನೆರಡು ಸೀಸೆಗಳ ಪೈಕಿ ಐದಕ್ಕೆ ಬೂಷ್ಟು ಹಿಡಿದು, ಈಗ ಏಳು ಉಳಿದಿವೆ. ಪುಣೆಯ ಮಳೆಗಾಲದಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಅಂಗಾಂಶ ಕೃಷಿ (ಗಿಡದ ತುಣುಕನ್ನು ಸೋಂಕಿಲ್ಲದ ಪೋಷಕ ಮಾಧ್ಯಮದಲ್ಲಿ ಬೆಳೆಸುವುದು) ಮಾಡಹೊರಟವನು ಇದಕ್ಕೆ ಸಿದ್ಧನಾಗಿರಬೇಕಿತ್ತು. ಮುರಾಶಿಗೆ–ಸ್ಕೂಗ್ ಎಂಬ ಪೋಷಕ ಲವಣಗಳು, ಲೀಟರಿಗೆ 30 ಗ್ರಾಂ ಸಕ್ಕರೆ, ಮಾಧ್ಯಮವನ್ನು ಗಟ್ಟಿಯಾಗಿಸುವ ಅಗರ್, ಕುಕ್ಕರಿನಲ್ಲಿ 20 ನಿಮಿಷದ ಹಬೆ ಎಲ್ಲ ಸೀಸೆಗಳಿಗೂ ಸಮಾನ. ಬಿಎಪಿ ಎಂಬ, ಚಿಗುರೊಡೆಸುವ ಸೈಟೊಕೈನಿನ್ ಬಗೆಯ ಹಾರ್ಮೋನಿನ ಪ್ರಮಾಣ ಮಾತ್ರ ಲೀಟರಿಗೆ ಸೊನ್ನೆ, 1 ಮತ್ತು 3 ಮಿಲಿಗ್ರಾಂ.

ಹಾರ್ಮೋನಿಲ್ಲದ ಮೂರು ಸೀಸೆಗಳಲ್ಲಿ ಒಂಟಿ ಚಿಗುರು ನೆಟ್ಟಗೆ ಬೆಳೆದು ಬೇರು ಬಿಟ್ಟಿದೆ. 1 ಮಿಲಿಗ್ರಾಂನ ಎರಡರಲ್ಲಿ ಬುಡದಿಂದ ಐದಾರು ಚಿಗುರುಗಳೆದ್ದಿವೆ. 3 ಮಿಲಿಗ್ರಾಂನ ಎರಡರಲ್ಲಿ ಬೇರೇ ಇಲ್ಲದ ಗಿಡ್ಡ ಪೊದೆ ಬೆಳೆದು, ಎಲೆಗಳು ನೀರು ತುಂಬಿಕೊಂಡು ಗಾಜಿನಂತಾಗಿವೆ.

ಈ ಪೊದೆಯನ್ನು ನೋಡಬೇಕೆಂದೇ ನಾನು ಕೆಲಸ ಆರಂಭಿಸಿದ್ದು. ಆಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಐಪಿಟಿ ಜೀನು ಸೈಟೊಕೈನಿನ್ ತಯಾರಿಸುವ ಕಿಣ್ವದ್ದು. ಅದನ್ನು ಸದಾ ಚಾಲೂ ಇರುವಂತೆ ಸೇರಿಸಿದ ಕುಲಾಂತರಿ ತಂಬಾಕಿನಲ್ಲೂ ಚಿಗುರುಗಳು ಗುಂಪುಗಟ್ಟುತ್ತವೆ, ಬೇರು ಮಾತ್ರ ಬರುವುದಿಲ್ಲ. ಕುಲಾಂತರಿಯ ಕೆಲಸ ಕುಲಾಂತರಿ ಜೀವಿಗಳ ಕುರಿತ ಭಾರತದ 1989ರ ನಿಯಮಗಳಡಿ ಬರುವುದರಿಂದ ಅದು ಮನೆಯಲ್ಲಿ ಮಾಡುವಂಥದ್ದಲ್ಲ. ಹೊರಗಿನಿಂದ ಹಾರ್ಮೋನು ಕೊಟ್ಟು ನೋಡುವುದಷ್ಟೇ ನನಗೆ ಸಾಧ್ಯ.

ಹತ್ತು ದಿನಗಳ ಹಿಂದೆ ಒಂದು ಪೊದೆಯನ್ನು ಬಿಡಿಸಿ ಹಾರ್ಮೋನಿಲ್ಲದ ಮಾಧ್ಯಮಕ್ಕೆ ಬದಲಿಸಿದೆ. ನಿನ್ನೆ ಒಂದು ಚಿಗುರಿನ ಬುಡದಲ್ಲಿ ಬಿಳಿಯ ಮೊನೆ ಕಂಡಿತು. ಆದರೆ ಜೀನನ್ನೇ ಹೊತ್ತ ಗಿಡಕ್ಕೆ ಸೀಸೆ ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ಹಾರ್ಮೋನು ಅದರ ಜೀವಕೋಶಗಳ ಒಳಗೇ ಹುಟ್ಟುತ್ತಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಗಾನ್ ಮತ್ತು ಅಮಸಿನೊ 1995ರಲ್ಲಿ ಇದಕ್ಕೆ ತೋರಿದ ಉಪಾಯ ನನಗೆ ಬಹಳ ಮೆಚ್ಚಿಗೆಯಾದದ್ದು. ಮುಪ್ಪಾಗುವ ಎಲೆಯಲ್ಲಿ ಮಾತ್ರ ಚಾಲೂ ಆಗುವ ಎಸ್‌ಎಜಿ12 ಪ್ರೊಮೋಟರಿಗೆ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಗುಂಡಿ) ಅವರು ಐಪಿಟಿಯನ್ನು ಜೋಡಿಸಿದರು; ಎಲೆ ಹಳದಿಯಾಗತೊಡಗಿದೊಡನೆ ಸೈಟೊಕೈನಿನ್ ಹುಟ್ಟಿ ಮುಪ್ಪನ್ನು ತಡೆಯುತ್ತದೆ, ಮುಪ್ಪು ತಡೆದೊಡನೆ ಪ್ರೊಮೋಟರೂ ತಣ್ಣಗಾಗುತ್ತದೆ. ಹೀಗಾಗಿ ಆ ತಂಬಾಕು ಗಿಡಗಳು ಎಂದಿನ ಆಕಾರದಲ್ಲೇ ಬೆಳೆದು, ಎಲೆಗಳು ಬಹುಕಾಲ ಹಸಿರಾಗಿ ಉಳಿದವು.

ನಮ್ಮ ಮನೆಗೆ ಸಮೀಪದ ಪಾಷಾಣ್ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ, ಹೂ ಬಿಡಲು ದಶಕಗಳನ್ನೇ ತೆಗೆದುಕೊಳ್ಳುವ ಬಿದಿರು ಸೀಸೆಯೊಳಗೆ ಕೆಲವೇ ತಿಂಗಳಲ್ಲಿ ಹೂ ಬಿಟ್ಟದ್ದು 1990ರಲ್ಲಿ ವರದಿಯಾಯಿತು. ಅಲ್ಲಿ ಬಳಸಿದ್ದು ಇದೇ ಬಿಎಪಿ, ಜೊತೆಗೆ ಎಳನೀರು. ಮುಂದಿನ ಭಾನುವಾರ ಎರಡು ಸೀಸೆಗಳಿಗೆ ಎಳನೀರು ಬೆರೆಸಿ, ಉಳಿದಿರುವ ಗಾಜಿನೆಲೆಯ ಪೊದೆಯನ್ನು 0.5 ಮಿಲಿಗ್ರಾಂಗೆ ಇಳಿಸುತ್ತೇನೆ.