ಮುಟ್ಟಿದರೆ ಕಾಣುವ ಚಿತ್ತಾರ

"ಹಂಗಾದ್ರೆ ನಾನು ನೋಡೋದು ಹೆಂಗೆ ಅಕ್ಕಾ?"

ಶನಿವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಶಿವಮೊಗ್ಗದ ವಿಶೇಷ ಶಾಲೆಯೊಂದರಲ್ಲಿ ವಾರಕ್ಕೊಮ್ಮೆ ಚಿತ್ರ ಹೇಳಿಕೊಡುತ್ತೇನೆ. ಅವತ್ತು ನಮ್ಮ ಮಕ್ಕಳ ಪ್ರದರ್ಶನ. ಕಣ್ಣು ಕಾಣದ ಹುಡುಗಿಯೊಬ್ಬಳು ತಾನೇ ಮಾಡಿದ ಹಸೆ ಚಿತ್ತಾರದ ಕಡೆ, ಅಂದರೆ ನಮ್ಮ ಮಲೆನಾಡಿನ ಗೆರೆಚಿತ್ರದ ಕಡೆ, ಕೈ ಚಾಚಿದಳು. ಅಲ್ಲಿ ನಿಂತಿದ್ದ ಕಾಲೇಜು ಹುಡುಗಿ ಮೆಲ್ಲಗೆ ಆ ಕೈ ಹಿಡಿದು, "ಮುಟ್ಟಬಾರದು ಪುಟ್ಟಾ, ಹಾಳಾಗುತ್ತೆ" ಅಂದಳು. ಅದಕ್ಕೆ ಇವಳು ಕೇಳಿದ್ದು ಇದು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಸಾಗರದ ಬಸ್ ಎಷ್ಟು ಗಂಟೆಗೆ ಅಂತ ಕೇಳುವ ಹಾಗೆ ಕೇಳಿದಳು.

ಕಾಲೇಜು ಹುಡುಗಿಯದು ತಪ್ಪಲ್ಲ. ಒಳ್ಳೆಯ ಮನಸ್ಸಿನ ಹುಡುಗಿ. ಯಾರೂ ಮುಟ್ಟದ ಹಾಗೆ ನೋಡ್ಕೋ ಅಂತ ಹೇಳಿಯೇ ಅವಳನ್ನು ಅಲ್ಲಿ ನಿಲ್ಲಿಸಿದ್ದರು. ಗೋಡೆಯ ಮೇಲೆ ಬೋರ್ಡೂ ಇತ್ತು. ಚಿತ್ರಗಳನ್ನು ತೂಗುಹಾಕಿದ್ದು ದೊಡ್ಡವರ ಕಣ್ಣಿನ ಎತ್ತರಕ್ಕೆ. ಗಾಲಿಕುರ್ಚಿಯಲ್ಲಿ ಬಂದ ಮಕ್ಕಳು ಕತ್ತೆತ್ತಿ ನೋಡಬೇಕಿತ್ತು.

ಆ ಚಿತ್ತಾರ ಹೇಗೆ ಆಯಿತು ಅಂತ ಗೊತ್ತಿದ್ದರೆ ಆ ಪ್ರಶ್ನೆಯ ನೋವು ಗೊತ್ತಾಗುತ್ತದೆ. ಹುಡುಗಿಯ ಅಜ್ಜಿ ಸಾಗರದ ಕಡೆಯವರು. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುವಾಗ ಇವಳು ಪಕ್ಕದಲ್ಲೇ ಕೂರುತ್ತಿದ್ದಳಂತೆ. ಕೆಮ್ಮಣ್ಣಿನ ವಾಸನೆ ಗೊತ್ತು, ಅಕ್ಕಿ ಅರೆಯುವ ಸದ್ದು ಗೊತ್ತು. ಬುಟ್ಟಿಯ ಮೇಲೆ ಏನಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಮಲೆನಾಡಿನ ದೀವರ ಸಮುದಾಯದ ಹೆಂಗಸರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕಲೆ ಇದು. ನೆನೆಸಿದ ಅಕ್ಕಿ ಅರೆದು ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿನಾರಿನ ಕುಂಚದಲ್ಲಿ ಎಳೆದ ಎಳೆಗಳು ತೀರಾ ತೆಳು. ಒಣಗಿದ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಆದರೆ ಈ ಕಲೆಯಲ್ಲಿ ನೆರಳು-ಬೆಳಕಿನ ಆಟ ಇಲ್ಲ. ನೇರ ಎಳೆಗಳು, ಅವು ಒಂದನ್ನೊಂದು ಹಾಯುವ ಜಾಗಗಳು, ಲೆಕ್ಕ ಇಟ್ಟು ಹಾಕುವ ಅಂತರ. ಕಣ್ಣಿಗಿಂತ ಬೆರಳಿಗೇ ಹೇಳಿ ಮಾಡಿಸಿದಂತಿದೆ ಅನ್ನಿಸಿತು ನನಗೆ.

ಹಾಗಾಗಿ ಚಾಕ್ ಪುಡಿಗೆ ಫೆವಿಕಾಲ್ ಕಲಸಿ ಮೆಹಂದಿ ಕೋನಿಗೆ ತುಂಬಿದೆವು. ಅದರಲ್ಲಿ ಎಳೆದ ಗೆರೆ ಉಬ್ಬಿ ನಿಲ್ಲುತ್ತದೆ. ಪ್ಲೈವುಡ್ ಹಲಗೆಗೆ ಕೆಮ್ಮಣ್ಣಿನ ಬಣ್ಣ ಬಳಿದು, ಸುತ್ತ ಅಂಚಿಗೆ ದಾರ ಅಂಟಿಸಿ ಕೊಟ್ಟೆ. ಉಳಿದದ್ದೆಲ್ಲ ಅವಳದೇ. ಎಡಗೈಯಲ್ಲಿ ಸ್ಕೇಲ್, ಬಲಗೈಯಲ್ಲಿ ಕೋನ್. ಒಂದು ಎಳೆ ಒಣಗಿದ ಮೇಲೆ ಅದಕ್ಕೆ ಸ್ಕೇಲ್ ಆನಿಸಿಟ್ಟು ಇನ್ನೊಂದು. ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ ಅನ್ನುವಷ್ಟು ನಿಧಾನ. ಇವಳು ಕಾದಳು. ಗೆರೆ ಒಣಗಿತಾ ಅಂತ ಉಗುರಿನ ತುದಿಯಲ್ಲಿ ತಟ್ಟಿ ನೋಡುತ್ತಿದ್ದಳು. ಹಸಿ ಇದ್ದರೆ ಸದ್ದು ಬೇರೆಯಂತೆ. ನನಗೆ ಇವತ್ತಿಗೂ ಆ ವ್ಯತ್ಯಾಸ ಕೇಳಿಸಿಲ್ಲ.

ಇಷ್ಟು ಮಾಡಿದವಳಿಗೆ, ಮುಟ್ಟಬಾರದು ಪುಟ್ಟಾ.

ಅತಿಥಿಗಳಾಗಿ ಬಂದವರು ಹಲಗೆಯ ಮುಂದೆ ಫೋಟೋ ತೆಗೆಸಿಕೊಂಡರು. "ಪಾಪ, ಕಣ್ಣಿಲ್ಲದಿದ್ದರೂ ಎಷ್ಟು ಚೆನ್ನಾಗಿ ಮಾಡಿದಾಳೆ" ಅಂದರು, ಅವಳ ಎದುರಿಗೇ. ಹೇಗೆ ಮಾಡಿದೆ ಅಂತ ಕೇಳಲಿಲ್ಲ. ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದಳು. ಇಂಥ ಹೊಗಳಿಕೆ ನನಗೆ ಸಹಿಸಲು ಆಗುವುದಿಲ್ಲ. ಮಕ್ಕಳ ಕೆಲಸ ನೋಡುವುದಿಲ್ಲ, ಕೊರತೆ ನೋಡಿ ಕರಗುತ್ತಾರೆ ಅಷ್ಟೇ.

ಪ್ರದರ್ಶನದ ಹಿಂದಿನ ಸಂಜೆ ದೊಡ್ಡವರು ಕೂತು ಮಕ್ಕಳ ಚಿತ್ರ ತಿದ್ದುವುದನ್ನೂ ಬೇರೆ ಕಡೆ ಕಂಡಿದ್ದೇನೆ. ನೀಟಾಗಿ ಕಾಣಲಿ ಅಂತ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗ ನಮ್ಮಲ್ಲಿದ್ದಾನೆ. ಕುಂಚದ ಹಿಡಿಗೆ ಸ್ಪಂಜು ಸುತ್ತಿ, ಹಾಳೆಯ ನಾಲ್ಕೂ ಮೂಲೆಗೆ ಟೇಪ್ ಹಚ್ಚಿಕೊಟ್ಟರೆ ಸಾಕು, ಬರೆಯುತ್ತಾನೆ. ಗೆರೆ ನಡುಗುತ್ತದೆ. ನಡುಗಲಿ, ಅದು ಅವನ ಗೆರೆ. ಆಟಿಸಂ ಇರುವ ಇನ್ನೊಬ್ಬನಿಗೆ ಅಂಟು ಕೈಗೆ ತಾಗಿದರೇ ಆಗದು. ಅವನಿಗೆ ಒಣ ಬಣ್ಣದ ಪೆನ್ಸಿಲ್. ಅವನ ಕೈ ಹಿಡಿದು ಅಂಟಿನಲ್ಲಿ ಅದ್ದಿಸಿದರೆ ನಮಗೆ ಒಂದು ಚಿತ್ರ ಸಿಗಬಹುದು, ಆ ಮಗು ಮಾತ್ರ ಮುಂದಿನ ವಾರ ಕ್ಲಾಸಿಗೇ ಬರುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಕಲೆ ಅಂಗವಿಕಲರಿಗೂ ಸಿಗುವಂತೆ ಮಾಡಬೇಕು ಅನ್ನುತ್ತದೆ. ಅದಕ್ಕೆ ದೊಡ್ಡ ಖರ್ಚೇನೂ ಬೇಡ ಅಲ್ವಾ? ಗೋಡೆ ಬಿಟ್ಟು ಮೇಜು ಸಾಕಿತ್ತು. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ಕಣ್ಣು ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ಕೈಗೆ ಹೊಂದುವ ಸಾಮಾನು ಸಿಕ್ಕಿದರೆ ಕೆಲಸ ನಿಲ್ಲುವುದಿಲ್ಲ. ನಮ್ಮ ಮಕ್ಕಳಿಗೆ ಆ ಸಾಮಾನು ಹುಡುಕಿ ಕೊಡುವುದೇ ಈ ಪಾಠದ ಮುಕ್ಕಾಲು ಭಾಗ. ಅವರು ಮಾಡಿದ್ದು ಅವರಿಗೇ ದಕ್ಕಬೇಕು ಅನ್ನೋದು ಉಳಿದ ಕಾಲು ಭಾಗ, ಅದನ್ನೇ ಎಲ್ಲರೂ ಮರೆಯುತ್ತೇವೆ.

ಹೆಡ್‌ಮಾಸ್ಟರ್‌ಗೆ ಸೋಮವಾರ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ತಾವೇ ಎದ್ದು ಬಂದು ಹಲಗೆಗಳನ್ನೆಲ್ಲ ಕೆಳಗಿಳಿಸಿ ಗಿಡ್ಡ ಬೆಂಚಿನ ಮೇಲೆ ಜೋಡಿಸಿದರು. ಎಲ್ಲ ತರಗತಿಯವರೂ ಬಂದು ಮುಟ್ಟಿದರು. ಇವಳು ತನ್ನದನ್ನು ಮೇಲಿಂದ ಕೆಳಗೆ ಸವರಿದಳು. ಎಡಗಡೆ ಕೈ ನಿಂತಿತು.

"ಮಿಸ್, ಇಲ್ಲಿ ಎರಡು ಎಳೆ ಅಂಟ್ಕೊಂಡಿದೆ. ಇದನ್ನ ಯಾಕೆ ಇಟ್ರಿ? ಬೇರೆ ಹಲಗೆ ಕೊಡಿ, ಇನ್ನೊಂದು ಮಾಡ್ತೀನಿ."

ಗಾಂಧಿ ಬಜಾರಿನಲ್ಲಿ ಕೋನ್ ತಂದಾಗಿದೆ. ಹಲಗೆ ನಾಳೆ ಬರುತ್ತದೆ.